ಚಹಾದಲ್ಲಿ ಬಿಟ್ಟ ಸಕ್ಕರೆ ಬಿಸ್ಕತ್ತಿನಲ್ಲಿ ಬಂತು

ಬೀಜ ಗೊಬ್ಬರದ ಮಾತು ಈ ವಾರ ಬದಿಗಿರಲಿ. ಕಳೆದ ತಿಂಗಳು ದಾವಣಗೆರೆಯ ಕೆ.ಬಿ. ಬಡಾವಣೆಯ ಕಿರಾಣಿ ಅಂಗಡಿಯೊಂದರಲ್ಲಿ ಹರಿಹರದ ಕಡೆಯ ಪರಿಚಿತ ರೈತರೊಬ್ಬರು ಸಿಕ್ಕರು. ಮೆಕ್ಕೆಜೋಳ ಮಾರಿ ಊರಿಗೆ ಹೊರಟಿದ್ದರು. "ಚಹಾಕ್ಕೆ ಸಕ್ಕರೆ ಬಿಟ್ಟು ಆರು ತಿಂಗಳಾತು ಸಾಹೇಬ್ರೇ, ಆದ್ರೂ ಸಕ್ಕರೆ ಕಾಯಿಲೆ ಇಳೀತಿಲ್ಲ ನೋಡ್ರಿ" ಎಂದರು. ಅವರ ಕೈಚೀಲದಲ್ಲಿ ಬಿಸ್ಕತ್ತು, ಟೊಮೆಟೊ ಸಾಸ್, ಮೊಮ್ಮಗನ ಹಾಲಿಗೆ ಬೆರೆಸುವ ಪುಡಿ ಇದ್ದವು.

ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ಓದಿದೆವು. 100 ಗ್ರಾಂಗೆ ಸಕ್ಕರೆ 25 ಗ್ರಾಂ. ಯಜಮಾನರು ಎರಡು ಹೊತ್ತು ಚಹಾದೊಂದಿಗೆ ತಿನ್ನುವುದು ಎಂಟು ಬಿಸ್ಕತ್ತು, ಅಂದರೆ ಸುಮಾರು 40 ಗ್ರಾಂ. ಅದರಲ್ಲಿ ಸಕ್ಕರೆ 10 ಗ್ರಾಂ, ಎರಡು ಚಮಚ. ಅವರು ಚಹಾದಲ್ಲಿ ಬಿಟ್ಟದ್ದೂ ದಿನಕ್ಕೆ ಎರಡೇ ಚಮಚ! ಸಾಲದ್ದಕ್ಕೆ ಬಿಸ್ಕತ್ತಿನ ಮೈದಾ ಕೂಡ ಹೊಟ್ಟೆಯಲ್ಲಿ ಬೇಗನೆ ಗ್ಲೂಕೋಸ್ ಆಗುತ್ತದೆ.

ಪೊಟ್ಟಣದ ಮೇಲೆ ಪದಾರ್ಥಗಳ ಪಟ್ಟಿ ಇರುತ್ತದೆ. ತೂಕದಲ್ಲಿ ಹೆಚ್ಚಿರುವುದು ಮೊದಲು, ಕಡಿಮೆ ಇರುವುದು ಕೊನೆಗೆ ಎಂಬುದು ಕಾನೂನು. ಆದರೆ ಸಕ್ಕರೆಗೆ ಹೆಸರು ಹಲವು. ಶುಗರ್, ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಡೆಕ್ಸ್‌ಟ್ರೋಸ್, ಮಾಲ್ಟ್ ಎಕ್ಸ್‌ಟ್ರಾಕ್ಟ್ ಎಲ್ಲವೂ ಅದೇ ಬಳಗ. ಮೂರು ಹೆಸರಿನಲ್ಲಿ ಹಂಚಿ ಹಾಕಿದರೆ ಒಂದೊಂದೂ ಪಟ್ಟಿಯ ಕೆಳಗೆ ಇಳಿಯುತ್ತದೆ. ಮಾಲ್ಟೋಡೆಕ್ಸ್‌ಟ್ರಿನ್ ಎಂಬುದು ಇನ್ನೂ ಜಾಣ. ಸಕ್ಕರೆಯ ಲೆಕ್ಕದಲ್ಲಿ ಬಹುಮಟ್ಟಿಗೆ ಸೇರುವುದೇ ಇಲ್ಲ, ರಕ್ತದಲ್ಲಿ ಮಾತ್ರ ಸಕ್ಕರೆಯಂತೆಯೇ ಬೇಗ ಏರಿಸುತ್ತದೆ.

ಇವುಗಳಲ್ಲಿ ಕೆಲವು ಹುಟ್ಟುವುದು ನಮ್ಮ ಹೊಲದಲ್ಲೇ. ಮೆಕ್ಕೆಜೋಳದ ಕಾಳಿನಲ್ಲಿ ನೂರಕ್ಕೆ ಸುಮಾರು 70 ಭಾಗ ಪಿಷ್ಟ. ನಾವು ಮಾರಿದ ಜೋಳದಲ್ಲಿ ಬಹುಪಾಲು ಕೋಳಿ ಆಹಾರಕ್ಕೆ ಹೋದರೆ ಒಂದು ಪಾಲು ಪಿಷ್ಟದ ಕಾರ್ಖಾನೆ ಸೇರುತ್ತದೆ. ಪಿಷ್ಟವನ್ನು ಆಮ್ಲ ಹಾಕಿ ಕಾಯಿಸಿದರೆ ಸಿಹಿಯಾಗುತ್ತದೆಂದು ಕಿರ್ಖಾಫ್ ಎಂಬ ವಿಜ್ಞಾನಿ 1811ರಲ್ಲೇ ರಷ್ಯಾದಲ್ಲಿ ಕಂಡುಹಿಡಿದ. ಈಗ ಕಿಣ್ವಗಳಿಂದಲೂ ಈ ಕೆಲಸ ಮಾಡುತ್ತಾರೆ. ಹೀಗೆ ಲಾರಿ ಹತ್ತಿ ಹೋದ ಜೋಳ ಲಿಕ್ವಿಡ್ ಗ್ಲೂಕೋಸ್ ಆಗಿ, ಚಾಕೊಲೇಟು ಬಿಸ್ಕತ್ತಿನೊಳಗೆ ಸೇರಿ ನಮ್ಮೂರ ಅಂಗಡಿಗೇ ಮರಳಬಹುದು.

ಸಾಸಿನ ಹುಳಿಯ ಹಿಂದೆಯೂ ಸಾಮಾನ್ಯವಾಗಿ ಕಾಲು ಭಾಗದಷ್ಟು ಸಕ್ಕರೆ ಅಡಗಿರುತ್ತದೆ. ಹಾಲಿನ ಪುಡಿಯ ವಿಷಯದಲ್ಲಿ, ಇಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ವಿಭಾಗದಲ್ಲಿ ಇಡಬೇಡಿ ಎಂದು ಕೇಂದ್ರ ವಾಣಿಜ್ಯ ಸಚಿವಾಲಯವು 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತು. ಹಾಲಿನಲ್ಲಿ ಸಹಜ ಸಕ್ಕರೆ ಇದ್ದೇ ಇರುತ್ತದೆ. ಆದುದರಿಂದ ಪೊಟ್ಟಣದಲ್ಲಿ 'ಆ್ಯಡೆಡ್ ಶುಗರ್ಸ್' ಎಂಬ ಸಾಲನ್ನು ಬೇರೆಯಾಗಿ ನೋಡಬೇಕು. ಅಕ್ಷರ ಸಣ್ಣದು, ಅದೂ ಇಂಗ್ಲಿಷ್ ಅಥವಾ ಹಿಂದಿ. ಕನ್ನಡವನ್ನೂ ಕಡ್ಡಾಯ ಮಾಡಬಾರದೇಕೆ ಎಂಬುದು ನನ್ನ ಪ್ರಶ್ನೆ. ಸದ್ಯಕ್ಕೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿರಿ.

ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಇಂಥ ಸಕ್ಕರೆ 50 ಗ್ರಾಂ ಮೀರಬಾರದು, 25 ಗ್ರಾಂಗೆ ಇಳಿಸಿದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆಯ ಲೆಕ್ಕ. ಕೋಲಾ ಪಾನೀಯದ 250 ಮಿ.ಲೀ. ಬಾಟಲಿಯೊಂದರಲ್ಲೇ 25 ಗ್ರಾಂ ದಾಟುತ್ತದೆ. ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಹೇಳಿದ್ದೇ ಮಿತಿ.

"ಹಾಗಾದ್ರೆ ಬೆಲ್ಲ ತಿನ್ನಬಹುದಾ?" ಎಂದರು ಯಜಮಾನರು. ಬೆಲ್ಲದಲ್ಲೂ ಬಹುಪಾಲು ಇರುವುದು ಅದೇ ಸಕ್ಕರೆ. ಮಂಡಕ್ಕಿಯಲ್ಲಿ ಬಚ್ಚಿಟ್ಟ ಸಕ್ಕರೆ ಇಲ್ಲದಿದ್ದರೂ ಅದು ಬೇಗ ಗ್ಲೂಕೋಸ್ ಆಗುವುದರಿಂದ ಸೇರುಗಟ್ಟಲೆ ತಿನ್ನಬಾರದು. ಚಹಾದ ಜೊತೆಗೆ ಒಂದು ಹಿಡಿ ಹುರಿದ ಶೇಂಗಾ ಮೇಲು. ಬೇಕರಿಯಲ್ಲಿ ತೂಗಿ ಕೊಡುವ ಟೋಸ್ಟಿಗೆ ಎಷ್ಟೋ ಕಡೆ ಚೀಟಿಯೇ ಇರುವುದಿಲ್ಲ, ಕಿಲೋ ಹಿಟ್ಟಿಗೆ ಎಷ್ಟು ಸಕ್ಕರೆ ಎಂದು ಅವರನ್ನೇ ಕೇಳಬೇಕು.

ಒಂದು ಎಚ್ಚರಿಕೆ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಊಟ ತಿಂಡಿಯನ್ನು ಒಮ್ಮೆಲೇ ಕಡಿತಗೊಳಿಸಬಾರದು. ಹೊಲದಲ್ಲಿ ಕೆಲಸ ಮಾಡುವಾಗ ಮೈ ಬೆವರಿ, ಕೈ ನಡುಗಿ, ಕಣ್ಣು ಕತ್ತಲೆ ಬಂದರೆ ರಕ್ತದ ಸಕ್ಕರೆ ತೀರ ಇಳಿದಿರಬಹುದು. ಆಗ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೂಡಲೇ ಕುಡಿಯಬೇಕು. ಅಂಥವರು ಬುತ್ತಿಯ ಜೊತೆ ಸಕ್ಕರೆಯ ಪುಟ್ಟ ಪೊಟ್ಟಣವನ್ನು ಕಟ್ಟಿಕೊಂಡೇ ಹೊಲಕ್ಕೆ ಹೋಗಲಿ.