ಪಕ್ಕದ ಮನೆಯಲ್ಲಿ ಹೆಂಡತಿಗೆ ಹೊಡೀತಿದ್ರೆ ನೀವು ದೂರು ಕೊಡಬಹುದಾ? ಕಾನೂನು ಹೇಳೋದೇನು?

ರಾತ್ರಿ ಪಕ್ಕದ ಮನೆಯಿಂದ ಕೂಗಾಟ, ಅಳು. ಬೆಳಗ್ಗೆ ಹಾಲಿಗೆ ಅಂತ ಅಂಗಡಿಗೆ ಬಂದ ಹೆಣ್ಣುಮಗಳ ಕೆನ್ನೆ ಊದಿಕೊಂಡಿರುತ್ತೆ. ಕೇಳಿದರೆ ‘ಬಚ್ಚಲಲ್ಲಿ ಜಾರಿ ಬಿದ್ದೆ’ ಅಂತಾಳೆ. ವಿಷಯ ಇಡೀ ಬೀದಿಗೆ ಗೊತ್ತು. ಆದರೂ ಎಲ್ಲರದ್ದೂ ಒಂದೇ ಮಾತು: ‘ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ, ನಮಗ್ಯಾಕೆ?’

ಆದರೆ ಲೆಕ್ಕ ನೋಡಿದರೆ ಇದು ಒಂದೆರಡು ಮನೆಯ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ದೇಶದ ಸರಾಸರಿ ಶೇ. 29.3.

ಯಾರು ಬೇಕಾದ್ರೂ ತಿಳಿಸಬಹುದು

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಬಂತು. ಅದರ ಸೆಕ್ಷನ್ 4 ಬಹಳ ಜನರಿಗೆ ಗೊತ್ತಿಲ್ಲ. ದೌರ್ಜನ್ಯ ನಡೆದಿದೆ, ನಡೀತಿದೆ ಅಥವಾ ನಡೆಯಬಹುದು ಅಂತ ನಂಬೋಕೆ ಕಾರಣ ಇರೋ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ನೆರೆಮನೆಯವರು, ಅಂಗಡಿಯವರು, ಬಾಡಿಗೆ ಕೊಟ್ಟ ಮಾಲೀಕರು, ಯಾರಾದರೂ ಸರಿ. ಒಳ್ಳೆ ಉದ್ದೇಶದಿಂದ ತಿಳಿಸಿದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಕೇಸ್ ಬರೋದಿಲ್ಲ ಅಂತ ಕಾಯ್ದೆಯಲ್ಲೇ ಇದೆ.

ನಮ್ಮ ರಾಜ್ಯದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ, ಈ ಕೆಲಸ ನೋಡ್ತಾರೆ. ಅಂಗನವಾಡಿಗಳನ್ನು ನೋಡಿಕೊಳ್ಳೋ ಕಚೇರಿ ಅದು.

‘ಗಂಡ ಜೈಲಿಗೆ ಹೋದ್ರೆ ಮನೆ ನಡೆಸೋರ್ಯಾರು?’

ಎಷ್ಟೋ ಹೆಣ್ಣುಮಕ್ಕಳು ಬಾಯಿ ಬಿಡದೇ ಇರೋದು ಈ ಭಯಕ್ಕೆ. ಆದರೆ ಈ ಕಾಯ್ದೆಯಲ್ಲಿ ಮೊದಲು ಸಿಗೋದು ರಕ್ಷಣೆ. ಮ್ಯಾಜಿಸ್ಟ್ರೇಟ್ ಕೋರ್ಟ್‌ಗೆ ಅರ್ಜಿ ಹಾಕಿದರೆ ಇಂಥ ಆದೇಶಗಳನ್ನು ಕೇಳಬಹುದು:

- ಹೊಡೆಯಬಾರದು, ಅವಳು ಕೆಲಸ ಮಾಡೋ ಜಾಗಕ್ಕೆ ಹೋಗಿ ಕಾಟ ಕೊಡಬಾರದು.
- ಮನೆಯಿಂದ ಹೊರಗೆ ಹಾಕಬಾರದು. ಮನೆ ಅವಳ ಹೆಸರಲ್ಲಿ ಇಲ್ಲದಿದ್ದರೂ ಅಲ್ಲಿರೋ ಹಕ್ಕು ಅವಳಿಗಿದೆ.
- ಅವಳಿಗೂ ಮಕ್ಕಳಿಗೂ ಜೀವನಾಂಶ, ಚಿಕಿತ್ಸೆಯ ಖರ್ಚು ಕೊಡಬೇಕು.
- ಮಕ್ಕಳು ತಾತ್ಕಾಲಿಕವಾಗಿ ತಾಯಿ ಹತ್ತಿರ ಇರಬೇಕು.

ಅರ್ಜಿ ತಲುಪಿದ 3 ದಿನದೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ ಇಡಬೇಕು, 60 ದಿನದಲ್ಲಿ ಮುಗಿಸೋಕೆ ಪ್ರಯತ್ನಿಸಬೇಕು ಅನ್ನುತ್ತೆ ಕಾಯ್ದೆ. ರಕ್ಷಣಾ ಆದೇಶ ಮೀರಿದರೆ 1 ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಪೊಲೀಸ್ ಕೇಸ್ ಬೇಕು ಅಂದರೆ ಅದರ ದಾರಿ ಬೇರೆ: ಗಂಡ ಅಥವಾ ಅವನ ಕಡೆಯವರ ಕ್ರೌರ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 85 ಇದೆ. ಹಿಂದೆ ಇದೇ 498ಎ ಆಗಿತ್ತು.

ಇನ್ನೊಂದು ವಿಷಯ. ಹೊಡೆತ ಮಾತ್ರ ದೌರ್ಜನ್ಯ ಅಲ್ಲ. ಅವಳ ಕೂಲಿ ದುಡ್ಡು ಕಿತ್ತುಕೊಳ್ಳೋದು, ರೇಷನ್ನಿಗೆ ಕಾಸು ಕೊಡದೇ ಸತಾಯಿಸೋದು, ಮಕ್ಕಳಾಗಿಲ್ಲ ಅಂತ ಹಂಗಿಸೋದು, ಬಲವಂತದ ಲೈಂಗಿಕ ಕ್ರಿಯೆ, ಇವೆಲ್ಲಾ ಈ ಕಾಯ್ದೆಯಡಿ ಬರುತ್ತವೆ.

ಎಚ್ಚರಿಕೆಯಿಂದ ಕೇಳಿ

ಗಂಡನ ಎದುರಿಗೇ ವಿಚಾರಿಸಬೇಡಿ, ಅವನ ಹತ್ತಿರ ನೇರವಾಗಿ ಜಗಳಕ್ಕೂ ಹೋಗಬೇಡಿ. ಆ ಸಿಟ್ಟು ರಾತ್ರಿ ಅವಳ ಮೇಲೇ ತಿರುಗಬಹುದು. ಅವಳು ಒಬ್ಬಳೇ ಇದ್ದಾಗ ‘ಏನಮ್ಮಾ, ಏನಾದ್ರೂ ಸಹಾಯ ಬೇಕಾ?’ ಅಂತ ಕೇಳಿ, ನಂಬರ್ ಹೇಳಿ. ಜೀವಕ್ಕೆ ಅಪಾಯ ಕಂಡರೆ ಮಾತ್ರ ಕಾಯಬೇಡಿ, ತಕ್ಷಣ 112ಕ್ಕೆ ಫೋನ್ ಮಾಡಿ.

ನೆನಪಿರಲಿ

- 112: ತುರ್ತು ಪೊಲೀಸ್ ನೆರವು
- 181: ಮಹಿಳಾ ಸಹಾಯವಾಣಿ
- 15100: ಉಚಿತ ಕಾನೂನು ನೆರವು. ಮಹಿಳೆಯರಿಗೆ ಆದಾಯದ ಮಿತಿ ಇಲ್ಲ. ತಾಲೂಕು ಕಾನೂನು ಸೇವಾ ಸಮಿತಿಯಲ್ಲೂ ಕೇಳಬಹುದು.
- ಸಖಿ ಕೇಂದ್ರ: ಚಿಕಿತ್ಸೆ, ಆಪ್ತ ಸಲಹೆ, ಪೊಲೀಸ್ ಮತ್ತು ಕಾನೂನು ನೆರವು, ತಾತ್ಕಾಲಿಕ ವಸತಿ ಒಂದೇ ಕಡೆ.

ಅಂಗಡಿಯವರು ಈ ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದು ಗಲ್ಲಾ ಪೆಟ್ಟಿಗೆ ಹತ್ತಿರ ಅಂಟಿಸಿದರೂ ಸಾಕು. ಬೇಕಾದವರು ಸದ್ದಿಲ್ಲದೆ ಓದಿಕೊಂಡು ಹೋಗ್ತಾರೆ.