ಕೆಸರಿನಲ್ಲಿಯೂ ನಡೆಯಬೇಕಾದ ಪಾದ

ಕಾಲು ಕಳೆದುಕೊಂಡವನಿಗೆ ಶಿಬಿರವೊಂದರಲ್ಲಿ ಕೃತಕ ಪಾದವನ್ನು ಉಚಿತವಾಗಿ ತೊಡಿಸಿದೊಡನೆ ನಮ್ಮ ಕರ್ತವ್ಯ ಮುಗಿಯಿತೆಂದು ನಾವು ಭಾವಿಸುತ್ತೇವೆ. ಆದರೆ ಆ ಪಾದದ ನಿಜವಾದ ಪರೀಕ್ಷೆ ಆರಂಭವಾಗುವುದು ಮರುದಿನದಿಂದ. ಅವನು ಗದ್ದೆಗಿಳಿಯಬೇಕು, ಮಳೆಯಲ್ಲಿ ನಡೆಯಬೇಕು, ನೆಲದ ಮೇಲೆ ಕುಳಿತು ಉಣ್ಣಬೇಕು. ವಸ್ತುವಿನ ಒಳಿತು ಅದರ ಉದ್ದೇಶದ ಪೂರೈಕೆಯಲ್ಲಿದೆ ಎಂದು ಅರಿಸ್ಟಾಟಲನು ಬೋಧಿಸಿದನು. ಈ ಮಾತು ಕೃತಕ ಪಾದಕ್ಕೂ ಸಲ್ಲುತ್ತದೆ.

ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲ ಬಳಕೆಗೆ ಬಂದ ಪಾದವೆಂದರೆ ‘ಸ್ಯಾಚ್’. ಅದರಲ್ಲಿ ಪಾದದ ಕೀಲು ಬಾಗದು. ಹಿಮ್ಮಡಿ ಮಾತ್ರ ಮೆತ್ತಗಿರುತ್ತದೆ. ಬೂಟು ಧರಿಸಿ, ಕುರ್ಚಿಯ ಮೇಲೆ ಕುಳಿತುಕೊಳ್ಳುವ ಜನರಿಗೆ ಅದು ತಕ್ಕುದಾಗಿತ್ತು. ಇಂತಹ ಅನೇಕ ಪಾದಗಳನ್ನು ಪಾಲಿಯುರೆಥೇನ್ ಎಂಬ ಸ್ಪಂಜಿನಂತಹ ವಸ್ತುವಿನಿಂದ ತಯಾರಿಸುತ್ತಾರೆ. ಉಷ್ಣವಲಯದ ಬಿಸಿ ಮತ್ತು ತೇವಗಳಲ್ಲಿ ನೀರಿನಂಶವು ಈ ವಸ್ತುವಿನ ಬಂಧಗಳನ್ನು ಕ್ರಮೇಣ ಬಿಡಿಸುತ್ತದೆ. ಅದು ಬಿರಿದು ಪುಡಿಯಾಗುತ್ತದೆ. ಯಾರೂ ತೊಡದೆ ಉಗ್ರಾಣದಲ್ಲಿಟ್ಟ ಪಾದವೂ ಹೀಗೆ ಹಾಳಾಗಬಹುದು.

ನಮ್ಮ ದೇಶದಲ್ಲಿ ಇದಕ್ಕೊಂದು ಉತ್ತರ ದೊರೆತದ್ದು 1960ರ ದಶಕದ ಕೊನೆಯಲ್ಲಿ, ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ. ಶಸ್ತ್ರವೈದ್ಯ ಡಾ. ಪಿ. ಕೆ. ಸೇಠಿ ಅವರೂ, ಹೆಚ್ಚು ಶಾಲೆ ಕಲಿಯದ ಕುಶಲಕರ್ಮಿ ರಾಮಚಂದ್ರ ಶರ್ಮಾ ಅವರೂ ಕೂಡಿ ಅದನ್ನು ರೂಪಿಸಿದರು. ಒಳಗೆ ಸ್ಪಂಜು ರಬ್ಬರು ಮತ್ತು ಮರದ ತುಂಡು, ಹೊರಗೆ ಮೈಬಣ್ಣದ ಗಟ್ಟಿ ರಬ್ಬರು; ಎಲ್ಲವನ್ನೂ ಅಚ್ಚಿನಲ್ಲಿಟ್ಟು ಕಾಯಿಸಿ ಒಂದಾಗಿಸಿದರು. ಬರಿಗಾಲಿನಲ್ಲಿ ನಡೆಯಲು, ಕುಕ್ಕರುಗಾಲಿನಲ್ಲಿ ಕೂರಲು, ಕೆಸರಿಗಿಳಿಯಲು ಆ ಪಾದ ಅನುವಾಯಿತು. ಅದನ್ನು ಬಡವರಿಗೆ ಉಚಿತವಾಗಿ ತಲುಪಿಸಲು 1975ರಲ್ಲಿ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಸ್ಥಾಪನೆಯಾಯಿತು. 1981ರಲ್ಲಿ ಸೇಠಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಆದರೂ ಜೈಪುರ ಕಾಲು ದೋಷರಹಿತವಲ್ಲ. ಅದು ತುಸು ಭಾರ. ಕೈಕೆಲಸವಾದುದರಿಂದ ಒಂದರಂತೆ ಮತ್ತೊಂದು ಬಾಳುವುದಿಲ್ಲ. ಯಾವ ಪಾದವಾದರೂ ಒಂದು ದಿನ ಸವೆಯಲೇಬೇಕು. ಬೆಳೆಯುವ ಮಗುವಿಗಂತೂ ಪಾದ ಸವೆಯುವ ಮೊದಲೇ ಅಳತೆ ಸಾಲದಾಗುತ್ತದೆ. ಆಗ ದುರಸ್ತಿಗೆ ದೂರದ ಊರಿಗೆ ಹೋಗಬೇಕಾದ ಕೂಲಿಯಾಳು ಬಸ್ಸಿನ ಖರ್ಚನ್ನೂ ಆ ದಿನದ ಕೂಲಿಯನ್ನೂ ಲೆಕ್ಕ ಹಾಕಿ, ಮತ್ತೆ ಊರುಗೋಲನ್ನೇ ಹಿಡಿಯುತ್ತಾನೆ. ಉಚಿತವಾಗಿ ಬಂದ ಪಾದ ಮೂಲೆ ಸೇರುತ್ತದೆ.

ಆದುದರಿಂದ ಇಂತಹ ಶಿಬಿರಕ್ಕೆ ಹಣ ಕೊಡುವ ಕುಟುಂಬಗಳು ಎಷ್ಟು ಪಾದಗಳನ್ನು ಹಂಚಿದಿರಿ ಎಂದು ಕೇಳಿದರೆ ಸಾಲದು. ಇವು ಎಷ್ಟು ಮಳೆಗಾಲ ತಾಳುತ್ತವೆ, ಸವೆದಾಗ ಯಾರ ಬಳಿಗೆ ಹೋಗಬೇಕು ಎಂಬುದನ್ನೂ ಕೇಳಲಿ. ದುರಸ್ತಿಗೂ ಒಂದು ಪಾಲು ತೆಗೆದಿಡಲಿ. ಆಗಲೇ ಕೊಟ್ಟ ಕಾಲು ನಡೆದೀತು.