ನಿಮಗಿದು ಗೊತ್ತೆ? ಕನ್ನಡದಲ್ಲಿ ಕದಲದ ರಾಜಾಜಿ ಹೆಸರು

ಮೊದಲಕ್ಷರವನ್ನು ದೊಡ್ಡದು ಮಾಡುವ ಕಂಪ್ಯೂಟರ್ ಫಂಕ್ಷನ್ ಸರಿಯಿದ್ದ ಹೆಸರನ್ನೇ ಕೆಡಿಸಬಲ್ಲದು! ಹೊಸೂರು ಬಳಿಯ ತೊರಪಲ್ಲಿ ಅಗ್ರಹಾರದಲ್ಲಿ 1878ರಲ್ಲಿ ಹುಟ್ಟಿದ ಸಿ. ರಾಜಗೋಪಾಲಾಚಾರಿ (ರಾಜಾಜಿ) ಅವರ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನ ‘ಕ್ಯಾಪಿಟಲೈಜ್’ ಫಂಕ್ಷನ್ನಿಗೆ ಕೊಡಿ. ‘ಸಿ’ ದೊಡ್ಡದಾಗಿಯೇ ಉಳಿಯುತ್ತದೆ. ಆದರೆ ರಾಜಗೋಪಾಲಾಚಾರಿಯ ‘ಆರ್’ ಸಣ್ಣಕ್ಷರವಾಗಿಬಿಡುತ್ತದೆ. ಮೊದಲನೆಯದನ್ನು ಬಿಟ್ಟು ಉಳಿದೆಲ್ಲವನ್ನೂ ಸಣ್ಣದು ಮಾಡುವುದು ಅದರ ನಿಯಮ. ಇನಿಷಿಯಲ್ ಇರುವ ನಮ್ಮ ಹೆಸರುಗಳಿಗೆ ಮೊದಲಕ್ಷರವನ್ನಷ್ಟೇ ಮುಟ್ಟಿ, ಮಿಕ್ಕದ್ದನ್ನು ಇದ್ದಂತೆಯೇ ಬಿಡುವ ಪುಟ್ಟ ಫಂಕ್ಷನ್ ಬರೆದುಕೊಳ್ಳುವುದೇ ಲೇಸು.

ಅದೇ ಹೆಸರನ್ನು ಕನ್ನಡದಲ್ಲಿ ಕೊಟ್ಟರೆ? ಒಂದಕ್ಷರವೂ ಕದಲದು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲ. ಹೊಸೂರಿನ ಬೀದಿಗಳಲ್ಲಿ ಜೊತೆಗೇ ಕೇಳಿಬರುವ ತಮಿಳು, ತೆಲುಗಿನ ಲಿಪಿಗಳಿಗೂ ಇದೇ ಮಾತು.